ಹಕ್ಕಿ ನೋಡಲು ಬಂದವರು

ದುರ್ಬೀನು ಕೊರಳಿಗೆ ನೇತುಹಾಕಿಕೊಂಡ ಗಂಡಸರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೋಲಾರದಲ್ಲಿ ನಮ್ಮ ಎದುರು ಮನೆಗೆ ಪಿಂಚಣಿದಾರರೊಬ್ಬರು ಬಂದಿದ್ದಾರೆ. ಒಳ್ಳೆಯ ಮನುಷ್ಯರೇ. ಯುದ್ಧ ಮುಗಿದ ಮೇಲೆ ಎಲ್ಲೋ ಹರಾಜಿನಲ್ಲಿ ಒಂದು ಮಿಲಿಟರಿ ದುರ್ಬೀನು ಕೊಂಡುಕೊಂಡು, ದಿನಾ ಬೆಳಿಗ್ಗೆ ಕೆರೆಯ ಕಡೆ ಹೋಗಿ ಹಕ್ಕಿ ನೋಡಿಕೊಂಡು ಬರುತ್ತಾರೆ. ಬರುವಾಗ ನಮ್ಮ ಜಗಲಿಯ ಮುಂದೆ ನಿಂತು, ಇವತ್ತು ಅದು ಕಂಡಿತು, ಇದು ಕಂಡಿತು ಎಂದು ನಮ್ಮ ಯಜಮಾನರಿಗೆ ವರದಿ ಒಪ್ಪಿಸುತ್ತಾರೆ. ಮೊನ್ನೆ ನನ್ನನ್ನೂ ಕರೆದರು. "ಬನ್ನಿ ತಾಯಿ, ನೀವೂ ಒಂದ್ಸಲ ಇದ್ರಲ್ಲಿ ನೋಡಿ, ಎಷ್ಟು ಹತ್ರ ಕಾಣ್ಸುತ್ತೆ!" ಎಂದರು. "ಒಲೆ ಮೇಲೆ ಹಾಲಿದೆ" ಎಂದು ಹೇಳಿ ಒಳಗೆ ಬಂದೆ. ಹಾಲೂ ಇರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಉರಿಯುತ್ತಿದ್ದದ್ದು ನಾನು.

ನೋಡುವುದು ಎಂದರೆ ಸುಮ್ಮನೆ ಕಣ್ಣು ಬಿಡುವುದಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೊಂದು ರೀತಿಯಿದೆ. ಮಗು ನೋಡಲು ಬರುವ ಹೆಂಗಸರನ್ನು ಗಮನಿಸಿ. ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಾರೆ. ಬಂದವರೇ ಕೋಣೆಗೆ ನುಗ್ಗುವುದಿಲ್ಲ, ಹೊರಗಿನ ಬಿಸಿಲು ಗಾಳಿ ಮೈಯಿಂದ ಇಳಿಯಲಿ ಎಂದು ನಡುಮನೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. ಬರಿಗೈಯಲ್ಲಿ ಬರುವುದಿಲ್ಲ; ಒಂದು ಅಚ್ಚು ಬೆಲ್ಲವೋ, ಮನೆಯಲ್ಲೇ ಹೊಲಿದ ಕುಲಾವಿಯೋ ಸೆರಗಿನಲ್ಲಿ ಇದ್ದೇ ಇರುತ್ತದೆ. ಮಗು ಎಷ್ಟೇ ಚೆನ್ನಾಗಿರಲಿ, "ಅಯ್ಯೋ, ಎಷ್ಟು ಕಪ್ಪಗೆ ಹುಟ್ಟಿದಾಳಮ್ಮ ನಿಮ್ಮನೇಲಿ" ಎನ್ನುತ್ತಾರೆ. ಆಮೇಲೆ ಮಗುವಿನ ಮುಖದ ಕಡೆ ಎರಡೂ ಕೈ ಚಾಚಿ, ತಮ್ಮ ಕಪಾಲಕ್ಕೆ ಒತ್ತಿಕೊಂಡು ಚಟಚಟನೆ ನೆಟಿಕೆ ಮುರಿಯುತ್ತಾರೆ. ಬೆರಳು ಎಷ್ಟು ಸದ್ದು ಮಾಡಿದರೆ ಅಷ್ಟು ದೃಷ್ಟಿಯಾಗಿತ್ತು ಎಂದು ಲೆಕ್ಕ. ಅಷ್ಟಾದ ಮೇಲೆ ಎದ್ದು ಹೋಗುತ್ತಾರೆ. ನೋಡಿದ್ದನ್ನು ಅಲ್ಲೇ ಬಿಟ್ಟು ಹೋಗುವುದೇ ನೋಡುವುದರಲ್ಲಿ ಮುಖ್ಯವಾದ ಭಾಗ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲವೆಂದು ಕಾಣುತ್ತದೆ.

ನನ್ನ ತವರು ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯಿಂದ ಒಳಕ್ಕೆ, ಚಿಕ್ಕಸಮುದ್ರ ಎಂಬ ಊರು. ನಮ್ಮ ಕಡೆ ಸಮುದ್ರಗಳಿಗೆ ಬರವಿಲ್ಲ. ಹಿಂದಿನ ಅರಸರಿಗೂ ಪಾಳೆಯಗಾರರಿಗೂ ಒಂದು ಏರಿ ಕಟ್ಟಿಸಿ ನಾಲ್ಕು ಹನಿ ನಿಲ್ಲಿಸಿದ ಕೂಡಲೇ ಅದನ್ನು ಸಮುದ್ರ ಎಂದು ಕರೆಯುವ ಚಪಲ. ದೇವರಾಯಸಮುದ್ರವಾದರೂ ಹೆಸರಿಗೆ ಒಪ್ಪುವಷ್ಟು ದೊಡ್ಡದು. ನಮ್ಮದು ಹೆಸರಿನಲ್ಲೇ ಸಂಕೋಚಪಟ್ಟುಕೊಂಡ ಸಮುದ್ರ. ಆದರೆ ನೀರು ಸಿಹಿ. ಊರೊಳಗಿನ ಬಾವಿ ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಕುಡಿಯುವುದಕ್ಕೆ, ಅಡುಗೆಗೆ, ಬಟ್ಟೆಗೆ, ದನಕ್ಕೆ, ದೇವರಿಗೆ ಎಲ್ಲಕ್ಕೂ ಕೆರೆಯೇ ಗತಿ.

ನನ್ನ ದೊಡ್ಡ ಮಗಳು ಹುಟ್ಟಿದ ವರ್ಷದ ಮಾತು ಇದು. ನಾನು ಚೊಚ್ಚಲ ಬಾಣಂತಿ, ತವರಿನ ಕತ್ತಲೆಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮೆಣಸಿನ ಸಾರು ಅನ್ನ ತಿಂದುಕೊಂಡು, ಸಾಂಬ್ರಾಣಿ ಹೊಗೆ ಕುಡಿದುಕೊಂಡು ಬಿದ್ದಿದ್ದೆ. ನಮ್ಮ ಮನೆತನದಲ್ಲಿ ಬಾಣಂತಿ ಗಂಡನ ಮನೆಗೆ ಹೊರಡುವ ಮೊದಲು ಗಂಗೆಪೂಜೆ ಮಾಡಬೇಕು. ಕೆರೆಯ ತೂಬಿನ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಹಣ್ಣುಕಾಯಿ ಇಟ್ಟು, ಒಂದು ಬಿಂದಿಗೆ ನೀರನ್ನು ತಲೆಯ ಮೇಲೆ ಹೊತ್ತು ತಂದರೆ ಬಾಣಂತನ ಮುಗಿಯಿತು. ಅದಾಗುವ ತನಕ ಒಲೆ ಮುಟ್ಟುವ ಹಾಗಿಲ್ಲ, ಹೊಸಿಲು ದಾಟುವ ಹಾಗಿಲ್ಲ, ಗಾಡಿ ಹತ್ತುವ ಹಾಗಂತೂ ಇಲ್ಲವೇ ಇಲ್ಲ. ಆ ಕೆರೆಯ ದಾರಿ ಎಂದರೆ ನನಗೆ ಆಗ ಕಾಶಿಯ ದಾರಿ. ಸಾರು ಕುಡಿಯುವಾಗಲೆಲ್ಲ ಅದನ್ನೇ ನೆನೆಯುತ್ತಿದ್ದೆ.

ಹೊರಡುವ ಆತುರ ನನ್ನೊಬ್ಬಳದೇ ಆಗಿದ್ದರೆ ಈ ಪ್ರಬಂಧ ಬರೆಯುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ನಮ್ಮ ಮಾವನವರು ಕಾಯುತ್ತಿದ್ದರು. ಮಾವಿನ ತೋಟದಲ್ಲಿ ಬಾಳು ಸವೆಸಿದವರು, ಕಾಯಿಯನ್ನು ದೂರದಿಂದ ನೋಡಿ ಯಾವ ಮರದ್ದೆಂದು ಹೇಳುತ್ತಿದ್ದ ಕಣ್ಣು ಅವರದು. ಆ ಕಣ್ಣಿಗೆ ಮಂಜು ಕವಿಯುತ್ತಾ ಬಂದಿತ್ತು. ವೈದ್ಯರು ಕೈ ಚೆಲ್ಲಿದ್ದರು. ಕೂತು ಗಾಡಿಯಲ್ಲಿ ಬರುವಷ್ಟು ಶಕ್ತಿಯೂ ಮೈಯಲ್ಲಿ ಇರಲಿಲ್ಲವಾಗಿ ಮೊಮ್ಮಗಳ ನಾಮಕರಣಕ್ಕೆ ಬಂದಿರಲಿಲ್ಲ. ನಮ್ಮ ಯಜಮಾನರ ಕೈಯಲ್ಲಿ ಹೇಳಿಕಳಿಸಿದ್ದರು: "ನಂಗಿನ್ನೂ ಮುಖ ಗೊತ್ತಾಗ್ತಾ ಇದೆ ಕಣಮ್ಮ. ಗೊತ್ತಾಗೋವಾಗ್ಲೇ ಮಗೂನ ತಂದು ತೋರ್ಸ್ಬಿಡು." ಧನುರ್ಮಾಸ ಹುಟ್ಟಿದ ಮೇಲೆ ಹಸುಗೂಸನ್ನು ಮನೆ ತುಂಬಿಸಿಕೊಳ್ಳುವುದಿಲ್ಲ ಎಂದು ಅತ್ತೆಯವರ ಕಟ್ಟಪ್ಪಣೆ. ಆದ್ದರಿಂದ ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ ಗಂಗೆಪೂಜೆ, ಮಾರನೆಯ ದಿನ ಪ್ರಯಾಣ ಎಂದು ಗೊತ್ತು ಮಾಡಿದ್ದರು. ಹೊಸ ಸೀರೆಯನ್ನೂ ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಮದರಾಸಿನ ಕಡೆ ಸಮುದ್ರದಲ್ಲಿ ಬಿರುಗಾಳಿ ಎದ್ದು, ನಮ್ಮ ಕಡೆ ಎಡೆಬಿಡದೆ ಜಡಿಮಳೆ ಹಿಡಿಯಿತು. ಮಳೆ ನಿಂತ ಬೆಳಿಗ್ಗೆ ಕೆರೆಯ ನಡುವಿನ ಬಂಡೆಯ ಮೇಲೆ ಯಾವುದೋ ದೊಡ್ಡ ಹಕ್ಕಿ ಕೂತಿತ್ತು. ನಾನು ನೋಡಲಿಲ್ಲ. ಈ ಕಥೆಯಲ್ಲಿ ಹಕ್ಕಿಯನ್ನು ನೋಡದವಳು ನಾನೊಬ್ಬಳೇ. ನೋಡಿದ್ದು ನಮ್ಮಜ್ಜಿ, ನಮ್ಮ ಅತ್ತಿಗೆ, ಊರಿನ ಸಮಸ್ತರು. ಬಾತುಕೋಳಿಗಿಂತ ದೊಡ್ಡದು, ಮೈಯೆಲ್ಲ ಬಿಳಿ, ರೆಕ್ಕೆಯ ಅಂಚು ಕಪ್ಪು, ಕೊಕ್ಕಿನ ಬುಡದಿಂದ ಕಣ್ಣಿನ ಸುತ್ತ ಯಾರೋ ಕಾಡಿಗೆ ಬಳಿದ ಹಾಗೆ ಎಂದು ಅತ್ತಿಗೆ ಬಾಗಿಲ ಸಂದಿಯಲ್ಲಿ ನಿಂತು ಹೇಳಿದಳು. ಹಾರುವುದಿಲ್ಲ, ಓಡಿಸಿದರೂ ಏಳುವುದಿಲ್ಲ, ಹೊಟ್ಟೆಯನ್ನು ಕಲ್ಲಿಗೆ ಊರಿಕೊಂಡು ಕಣ್ಣು ಮುಚ್ಚಿ ಕೂತಿದೆ. ಗಾಳಿ ಹೊಡೆತಕ್ಕೆ ಸಿಕ್ಕಿ ಸೋತು ಸುಣ್ಣವಾಗಿತ್ತು ಎಂದು ಈಗ ನನಗೂ ಗೊತ್ತು. ಆದರೆ ನಮ್ಮಜ್ಜಿ ಏರಿಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿ ತೀರ್ಪು ಕೊಟ್ಟಳು: "ಬಸುರಿ ಕಣ್ರೇ. ದಿನ ತುಂಬಿದೆ. ಬಾಣಂತನಕ್ಕೆ ತವರಿಗೆ ಬಂದವಳೆ."

ನಗಬೇಡಿ. ಅಜ್ಜಿಯ ತರ್ಕ ಪಂಡಿತರ ತರ್ಕಕ್ಕೆ ಏನೂ ಕಡಿಮೆಯಿರಲಿಲ್ಲ. ನದಿಗಳಿಗೆಲ್ಲ ಸಮುದ್ರರಾಜನೇ ಗಂಡ ಎಂದು ಹಳೆಯ ಕವಿಗಳು ಹಾಡಿಕೊಂಡು ಬಂದಿದ್ದಾರಷ್ಟೆ. ನಮ್ಮ ಕೆರೆಯ ಕೋಡಿ ಬಿದ್ದ ನೀರು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ, ಹೊಳೆ ತಮಿಳು ಸೀಮೆಯನ್ನು ಹಾದು ಸಮುದ್ರಕ್ಕೆ ಹೋಗುತ್ತದೆ. ಹಾಗಾದರೆ ನಮ್ಮ ಕೆರೆ ಆ ಹೆಣ್ಣಿನ ತವರಾಯಿತೋ ಇಲ್ಲವೋ? ಸಮುದ್ರದ ಮನೆಯಿಂದ ಕಾಡಿಗೆ ಹಚ್ಚಿಕೊಂಡು, ಭಾರವಾದ ಹೊಟ್ಟೆ ಹೊತ್ತುಕೊಂಡು ಗಾಳಿಮಳೆಯಲ್ಲಿ ಬಂದವಳು ಬೇರೆ ಯಾರಾಗಿರುತ್ತಾಳೆ? ನನಗೆ ಹಾಕಿದ ಪಥ್ಯವನ್ನೇ ಅಜ್ಜಿ ಅವಳಿಗೂ ಹಾಕಿಸಿದಳು. ಬೆಸ್ತರವನೊಬ್ಬನ ಕೈಯಲ್ಲಿ ಹುಣಸೆ ಮುಟ್ಟಿಸದ, ಬೆಳ್ಳುಳ್ಳಿ ಮೆಣಸು ಹಾಕಿ ಬೇಯಿಸಿದ ಮೀನನ್ನು ಬಂಡೆಯ ಮೇಲೆ ಇಡಿಸಿದಳು. ಹಕ್ಕಿ ಅದನ್ನು ಮೂಸಿಯೂ ನೋಡಲಿಲ್ಲ. ಅಜ್ಜಿಗೆ ಅದೂ ರುಜುವಾತೇ ಆಯಿತು. "ನಮ್ಮನೆಯವಳೂ ಹಿಂಗೇ, ಪಥ್ಯ ಅಂದ್ರೆ ಮುಖ ತಿರುಗಿಸ್ತಾಳೆ" ಎಂದು ನನ್ನ ಮರ್ಯಾದೆಯನ್ನೂ ಕೆರೆ ಏರಿಯ ಮೇಲೆ ಹರಾಜು ಹಾಕಿ ಬಂದಳು. ಮಾರನೆಯ ದಿನ ಹಸಿ ಮೀನು ಇಟ್ಟರೆ ತಿಂದಿತಂತೆ.

ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಹಕ್ಕಿ ಸುಧಾರಿಸಿಕೊಂಡು ತನ್ನ ಪಾಡಿಗೆ ಹೋಗುತ್ತಿತ್ತು, ನಾನು ನನ್ನ ಪಾಡಿಗೆ ಹೋಗುತ್ತಿದ್ದೆ. ಆದರೆ ಸುದ್ದಿ ಯಾರ ಬಾಯಿಂದಲೋ ಮುಳಬಾಗಿಲಿಗೆ ಹೋಯಿತು, ಅಲ್ಲಿಂದ ತಂತಿಯಲ್ಲಿ ಬೆಂಗಳೂರಿಗೆ ಹೋಯಿತು. ಮೊದಲು ಒಬ್ಬ ದೊರೆ ಮೋಟಾರ್ ಸೈಕಲ್ಲಿನಲ್ಲಿ ಬಂದ. ಸಾಯಂಕಾಲದೊಳಗೆ ಕಾರುಗಳು ಬಂದವು. ದಂಡಿನ ಕಡೆಯ ದೊರೆಗಳು, ಅವರ ದೊರೆಸಾನಿಯರು, ಪೇಟ ಕಟ್ಟಿದ ನಮ್ಮವರು, ಸೂಟು ಹಾಕಿದ ನಮ್ಮವರು, ಎಲ್ಲರ ಕೊರಳಲ್ಲೂ ದುರ್ಬೀನು. "ಹಕ್ಕಿ ಒಂದು, ಇವರದೇ ಒಂದು ಹಿಂಡು" ಎಂದಳು ಅತ್ತಿಗೆ. ಹುಣಸೆಮರದ ಕೆಳಗೆ ಡೇರೆ ಹೊಡೆದರು. ಸಮುದ್ರದ ಮಧ್ಯದಲ್ಲಿ ಎಲ್ಲೋ ನಡುಗಡ್ಡೆಯಲ್ಲಿ ಇರುವ ಜಾತಿಯಂತೆ, ನೆಲದ ಮೇಲೆ ಇಷ್ಟು ದೂರ ಬಂದದ್ದನ್ನು ಯಾರೂ ಕಂಡೇ ಇಲ್ಲವಂತೆ. ಕಂಡಿರಲಿಲ್ಲ ಸರಿ. ಕಂಡರಲ್ಲ, ಹೋಗಬೇಕೋ ಬೇಡವೋ? ಅವರಲ್ಲೆಲ್ಲ ದೊಡ್ಡ ಪಂಡಿತನಾದ ಒಬ್ಬ ದೊರೆ ಇನ್ನೂ ಬರಬೇಕಾಗಿತ್ತಂತೆ, ಅವನು ನೋಡಿ ಹೌದು ಎನ್ನುವ ತನಕ ಹಕ್ಕಿ ಹಾರಿಹೋಗಕೂಡದಂತೆ.

ಇವರ ಸೇವೆಗೆ ಒಬ್ಬ ಅಧಿಕಾರಿ ಬಂದಿದ್ದರು. ಯಾವ ಇಲಾಖೆ, ಯಾವ ಹೆಸರು ಎಂದು ಹೇಳುವುದಿಲ್ಲ. ಬಹಳ ಆಚಾರವಂತರು, ದಿನಾ ಕೆರೆಯಲ್ಲೇ ಸ್ನಾನ ಸಂಧ್ಯೆ ಮಾಡುತ್ತಿದ್ದರು. ಅವರು ಹುಕುಂ ಹೊರಡಿಸಿದರು. ಹಕ್ಕಿ ಬೆದರುತ್ತದೆ, ಆದ್ದರಿಂದ ಯಾರೂ ಏರಿ ಹತ್ತಬಾರದು, ಬಟ್ಟೆ ಒಗೆಯಬಾರದು, ದನ ಇಳಿಸಬಾರದು, ನೀರಿಗೆ ಬರಬಾರದು. ತಳವಾರ ಪಿಳ್ಳಪ್ಪನನ್ನು ಕೋಲು ಕೊಟ್ಟು ಏರಿಯ ತುದಿಗೆ ನಿಲ್ಲಿಸಿದರು. ಡೇರೆಯವರ ಸ್ನಾನಕ್ಕೂ ಚಹಾಕ್ಕೂ ಮಾತ್ರ ಆ ಪಿಳ್ಳಪ್ಪನೇ ಮೆಲ್ಲಗೆ ಸದ್ದಾಗದ ಹಾಗೆ ಬಿಂದಿಗೆಯಲ್ಲಿ ಹೊತ್ತು ಕೊಡಬೇಕು. ಅವರಿಗೆಂದು ಮುಳುಗಿಸಿದ ಬಿಂದಿಗೆಗೆ ಹಕ್ಕಿ ಬೆದರುವುದಿಲ್ಲ, ನಾವು ಮುಳುಗಿಸಿದರೆ ಬೆದರುತ್ತದೆ! ಎಂಥ ಜಾಣ ಹಕ್ಕಿ ನೋಡಿ.

ಊರಿಗೆ ಊರೇ ಸವಳು ಬಾವಿಗೆ ಬಿತ್ತು. ಬೇಳೆ ಬೇಯದೆ ಸಾರು ಒಂದು ಕಡೆ, ಕಾಳು ಒಂದು ಕಡೆ. ನನ್ನ ಕೋಣೆಯ ಮೂಲೆಯಲ್ಲಿ ಮಗುವಿನ ಒಗೆಯದ ಬಟ್ಟೆ ರಾಶಿ ಬಿತ್ತು. ಅದರ ಪರಿಮಳವನ್ನು ನಾನು ವರ್ಣಿಸುವುದಿಲ್ಲ, ಮಕ್ಕಳನ್ನು ಹೆತ್ತವರಿಗೆ ಗೊತ್ತಿರುತ್ತದೆ. ಗಂಗೆಪೂಜೆಗೆ ಗೊತ್ತು ಮಾಡಿದ್ದ ದಿನ ಬಂತು, ಹೋಯಿತು. ಹಣ್ಣುಕಾಯಿ ತಟ್ಟೆ ಹಿಡಿದುಕೊಂಡು ಹೋದ ನಮ್ಮಮ್ಮನನ್ನು ಪಿಳ್ಳಪ್ಪ ಕೈಮುಗಿದು ಹಿಂದಕ್ಕೆ ಕಳಿಸಿದ. "ನಾನೇನ್ ಮಾಡ್ಲಮ್ಮ, ನನ್ ಕೆಲ್ಸ ಹೋಯ್ತದೆ" ಎಂದನಂತೆ. ನಾನು ದಿಂಬಿನ ಕೆಳಗಿನ ಸೀರೆಯ ಮೇಲೆ ತಲೆಯಿಟ್ಟು ಅತ್ತೆ. ಅತ್ತು ಮುಗಿದ ಮೇಲೆ ಬೈದೆ. ದೊರೆಗಳನ್ನು ಬೈದೆ, ಅಧಿಕಾರಿಯನ್ನು ಬೈದೆ, ಆ ಬಿಳಿ ಹಕ್ಕಿಯನ್ನೂ ಬಿಡಲಿಲ್ಲ. ಕೋಣೆಯಲ್ಲಿ ಕೇಳುವವರು ಇದ್ದದ್ದು ಮಗು ಒಂದೇ. ಅದು ನಕ್ಕಿತು.

ಇಷ್ಟರ ಮೇಲೆ ನಮ್ಮ ಯಜಮಾನರು ಕಮಾನುಗಾಡಿ ಹೊಡಿಸಿಕೊಂಡು ನನ್ನನ್ನು ಕರೆದೊಯ್ಯಲು ಬಂದರು. ಶ್ರೀನಿವಾಸಪುರದಲ್ಲಿ ಇಂಗ್ಲಿಷ್ ಮೇಷ್ಟರು ಅವರು. ಬಂದವರು ಮಗುವನ್ನು ನೋಡಿದರು, ನನ್ನನ್ನು ನೋಡಿದರು, "ಎಷ್ಟು ಇಳಿದುಹೋಗಿದೀಯೇ" ಎಂದರು. ನನ್ನ ಎದೆ ತಂಪಾಯಿತು. ಇವರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ಒಂದು ಗಳಿಗೆಯ ಮಟ್ಟಿಗೆ ದಾರಿ ಬಿಡಿಸುತ್ತಾರೆ ಎಂದುಕೊಂಡು ಕೆರೆಗೆ ಕಳಿಸಿದೆ. ಹೋದವರು ಬರಲೇ ಇಲ್ಲ. ಊಟದ ಹೊತ್ತಿಗೆ ಅತ್ತಿಗೆ ಸುದ್ದಿ ತಂದಳು. ನಮ್ಮವರೂ ಏರಿಯ ಮೇಲೆ ಬೋರಲು ಮಲಗಿ ದುರ್ಬೀನಿನಲ್ಲಿ ಕಣ್ಣಿಟ್ಟಿದ್ದಾರೆ! ಇಂಗ್ಲಿಷ್ ಬಲ್ಲ ಮನುಷ್ಯ ಸಿಕ್ಕಿದನೆಂದು ದೊರೆಗಳು ದ್ವಿಭಾಷಿಯಾಗಿ ಇಟ್ಟುಕೊಂಡಿದ್ದಾರೆ, ಬೆನ್ನು ತಟ್ಟಿದ್ದಾರೆ, ಬಿಸ್ಕತ್ತು ಕೊಟ್ಟಿದ್ದಾರೆ. ಸಂಜೆ ಬಂದು ನನ್ನ ಮುಂದೆ ಕಣ್ಣರಳಿಸಿಕೊಂಡು ಹೇಳಿದರು: "ಒಂದೊಂದು ಗರೀನೂ ಎಣಿಸ್ಬೋದು ಕಣೇ! ಅದರ ಕಣ್ಣಲ್ಲಿ ಕೆರೆ ಕಾಣುತ್ತೆ!"

"ಅಲ್ಲಿ ನಿಮ್ಮಪ್ಪನ ಕಣ್ಣಲ್ಲಿ ಏನ್ ಕಾಣುತ್ತೆ ರೀ?" ಎಂದೆ.

ಪಾಪ, ಮುಖ ಬಾಡಿಹೋಯಿತು. ತಂದೆಯ ಮೇಲೆ ಪ್ರಾಣ ಅವರಿಗೆ. ದೊಡ್ಡ ದೊರೆ ನಾಳೆ ಬೆಳಿಗ್ಗೆ ಬರುತ್ತಾನೆ, ನೋಡಿದ ಕೂಡಲೇ ಎಲ್ಲರೂ ಹೊರಟುಹೋಗುತ್ತಾರೆ, ಮಧ್ಯಾಹ್ನದೊಳಗೆ ಕೆರೆ ಬಿಡಿಸಿಕೊಡುತ್ತೇನೆ, ನಾನೇ ಮಾತಾಡಿದ್ದೇನೆ ಎಂದರು. ನಾಳೆ ಮಧ್ಯಾಹ್ನ ಪೂಜೆಯಾದರೆ ನಾಡಿದ್ದು ನಸುಕಿನಲ್ಲಿ ಗಾಡಿ ಕಟ್ಟಬಹುದು. ಧನುರ್ಮಾಸಕ್ಕೆ ಸಿಕ್ಕದೆ ಊರು ಸೇರಬಹುದು. ದಿನ ಅಷ್ಟು ಬಿಗಿಯಾಗಿತ್ತು, ಆದರೂ ಇತ್ತು.

ಬೆಳಿಗ್ಗೆ ನಾನು ಎಣ್ಣೆ ನೀರು ಹಾಕಿಸಿಕೊಂಡೆ, ಸವಳು ನೀರೇ ಆಗಲಿ ಎಂದು. ಹೊಸ ಸೀರೆ ಉಟ್ಟೆ. ಮಗುವಿಗೆ ಕಾಡಿಗೆ ತೀಡಿ, ಗಲ್ಲಕ್ಕೆ ದೃಷ್ಟಿಬೊಟ್ಟಿಟ್ಟೆ. ಅಜ್ಜಿ ಬಾಗಿಲಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ದೊಡ್ಡ ದೊರೆಯ ಕಾರು ಬಂದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಢಂ ಎಂದಿತು.

ಕೆರೆಯ ಮೇಲಿದ್ದ ಬಾತು, ಕೊಕ್ಕರೆ, ನೀರುಕಾಗೆ ಎಲ್ಲ ಒಟ್ಟಿಗೆ ಎದ್ದು ಕೂಗಿಕೊಂಡು ನಮ್ಮ ಮನೆಯ ಮೇಲೆ ಹಾದುಹೋದವು. ಮಗು ಬೆಚ್ಚಿಬಿದ್ದು ಚೀರಿತು. ಅಜ್ಜಿಯ ಕೈಯ ಕುಟ್ಟಾಣಿ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ನಮ್ಮ ಯಜಮಾನರು ಬಂದರು, ಮುಖದಲ್ಲಿ ರಕ್ತವಿರಲಿಲ್ಲ. "ಹೊಡೆದುಬಿಟ್ರು" ಎಂದರು. ಆಮೇಲೆ ತಾವೇ ಹೊಡೆದವರ ಹಾಗೆ ಮೂಲೆಯಲ್ಲಿ ಕೂತರು.

ಯಾಕೆ ಹೊಡೆದರು? ಕೇಳಿ, ನಿಮಗೂ ಮೈಯುರಿಯಲಿ. ಇಂಥ ಹಕ್ಕಿ ಇಂಥ ಕಡೆ ಬಂದಿತ್ತು ಎಂದು ಬರಿ ಬಾಯಲ್ಲಿ ಹೇಳಿದರೆ ಇಂಗ್ಲೆಂಡಿನಲ್ಲಿ ಕೂತ ಪಂಡಿತರು ನಂಬುವುದಿಲ್ಲವಂತೆ. ಹಕ್ಕಿ ಕೈಯಲ್ಲಿದ್ದರೆ ನಂಬುತ್ತಾರಂತೆ. ಬೆದರುತ್ತದೆ ಎಂದು ಒಂದು ಊರಿನ ನೀರು ನಿಲ್ಲಿಸಿದರಲ್ಲ, ಅದು ಅದರ ಮೇಲಿನ ಪ್ರೀತಿಯಿಂದಲ್ಲ, ಗುಂಡು ಹೊಡೆಯಬೇಕಾದವನು ಬರುವ ತನಕ ಅದು ಅಲ್ಲಾಡದೆ ಕೂತಿರಲಿ ಎಂದು! ಮಗು ನೋಡಲು ಬಂದ ಹೆಂಗಸೊಬ್ಬಳು, ಊರಿಗೆ ಹೋಗಿ ಹೇಳಿದರೆ ನಂಬುವುದಿಲ್ಲ ಎಂದು ಮಗುವನ್ನು ಕುತ್ತಿಗೆ ಹಿಚುಕಿ ಚೀಲದಲ್ಲಿ ಹಾಕಿಕೊಂಡು ಹೋದರೆ ಅವಳನ್ನು ಏನೆಂದು ಕರೆಯುತ್ತೀರಿ? ಪಂಡಿತೆ ಎನ್ನುತ್ತೀರಾ? ನನಗೆ ಆ ಹಕ್ಕಿಯ ಮೇಲೆ ಇದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಕರಗಿಹೋಯಿತು. ಅವಳೂ ಕಾಡಿಗೆ ಹಚ್ಚಿಕೊಂಡು ಕಾದು ಕೂತಿದ್ದಳಲ್ಲ ಎನಿಸಿತು.

ಅಜ್ಜಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆಯ ಕಡೆ ಹೊರಟಳು. ದಾರಿಯಲ್ಲಿ ಒಬ್ಬೊಬ್ಬರೇ ಹೆಂಗಸರು ಸೇರಿಕೊಂಡರು. ಮುಂದಿನದನ್ನು ನಾನು ಅತ್ತಿಗೆಯ ಬಾ‍ಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಕಣ್ಣಾರೆ ನೋಡಿದವಳ ಹಾಗೆ ಹೇಳಬಲ್ಲೆ. ಡೇರೆಯ ಮುಂದೆ ಮೇಜಿನ ಮೇಲೆ ದೊಡ್ಡ ದೊರೆ ಹಕ್ಕಿಯ ಚರ್ಮ ಸುಲಿದು ಮುಗಿಸಿದ್ದ. ಕೈ ತೊಳೆಯುವುದಕ್ಕೆ ಪಿಳ್ಳಪ್ಪ ನೀರು ತರಲು ಹೊರಟಿದ್ದ. ಅಜ್ಜಿ ಅವನನ್ನು ತಡೆದಳು.

"ಏರಾ ಪಿಳ್ಳಪ್ಪಾ, ಬಿಂದಿಗೆ ಕೆಳಗಿಡು. ಕೆರೆಗೆ ಸೂತಕ ಬಂದಿದೆ."

ನಮ್ಮ ಕಡೆ ಕೆರೆಯಲ್ಲಿ ಯಾರಾದರೂ ಮುಳುಗಿ ಸತ್ತರೆ ಮೂರು ದಿನ ಆ ನೀರನ್ನು ಯಾರೂ ಮುಟ್ಟುವುದಿಲ್ಲ. ಮೂರನೆಯ ದಿನ ಗಂಗಮ್ಮನಿಗೆ ಬೇವಿನ ಸೊಪ್ಪು ಅರಿಸಿನ ಕೊಟ್ಟು, ತೂಬು ಎತ್ತಿ ಹರಿಸಿದ ಮೇಲೆಯೇ ಬಿಂದಿಗೆ ಮುಳುಗಿಸುವುದು. ಸೂತಕ ಎಂಬ ಮಾತು ಕಿವಿಗೆ ಬಿದ್ದದ್ದೇ ಪಿಳ್ಳಪ್ಪ ಬಿಂದಿಗೆ ಇಟ್ಟು ದೂರ ಸರಿದ. ಅಧಿಕಾರಿ ಓಡಿಬಂದರು. "ಹಕ್ಕಿ ಸತ್ರೆ ಯಾವ ಸೂತಕ ಅಜ್ಜಿ?" ಎಂದರು.

"ತವರಿಗೆ ಬಂದ ಬಸುರಿ ಸ್ವಾಮಿ. ನಿಮ್ಮನೇಲಿ ಇಲ್ವಾ ಸೂತಕ?"

"ಅಯ್ಯೋ, ಅದು ಗಂಡು ಹಕ್ಕಿ! ದೊರೆಗಳು ಕುಯ್ದು ನೋಡಿದಾರೆ."

ಎಂಥವರಿಗೂ ಅಲ್ಲಿ ಮಾತು ಕಟ್ಟಿಹೋಗುತ್ತಿತ್ತು. ಅಜ್ಜಿ ಕಣ್ಣು ಕೂಡ ಮಿಟುಕಿಸಲಿಲ್ಲವಂತೆ. "ಹಂಗಾದ್ರೆ ಅಳಿಯ" ಎಂದಳು. "ಹೆಂಡತೀನ ಕರ್ಕೊಂಡೋಗಕ್ಕೆ ಬಂದಿದ್ದ. ಅಳಿಯ ಮನೆ ಬಾಗಿಲಲ್ಲಿ ಸತ್ರೆ ನಿಮ್ಮಲ್ಲಿ ಹೆಂಗೋ ನಾ ಕಾಣೆ, ನಮ್ಮಲ್ಲಿ ಸೂತಕ ಇದೆ. ನಿಮ್ಗೆ ಬೇಕಾದ್ರೆ ನೀವೇ ಇಳಿದು ಸ್ನಾನ ಮಾಡಿ, ಸಂಧ್ಯಾವಂದನೆ ಮಾಡಿ. ನಾವ್ಯಾರೂ ಬೇಡ ಅನ್ನಲ್ಲ."

ಅಧಿಕಾರಿಗಳು ಕೆರೆಯನ್ನು ನೋಡಿದರು, ತಮ್ಮ ಜನಿವಾರ ಮುಟ್ಟಿಕೊಂಡರು, ಇಳಿಯಲಿಲ್ಲ. ಹುಕುಂ ಹೊರಡಿಸಿ ನೀರು ನಿಲ್ಲಿಸಬಹುದು, ಹುಕುಂ ಹೊರಡಿಸಿ ಸೂತಕ ಬಿಡಿಸಲು ಅವರಿಂದ ಆಗುತ್ತದೆಯೇ? ಸೂತಕದ ಊರಿನಿಂದ ಹಾಲು ಕೊಡುವ ಹಾಗಿಲ್ಲ, ಬೆಂಕಿ ಕೊಡುವ ಹಾಗಿಲ್ಲ, ಸೌದೆ ಹೊರುವ ಹಾಗಿಲ್ಲ. ಕಡೆಗೆ ದೊಡ್ಡ ದೊರೆಯೇ ರಕ್ತದ ಕೈ ಮುಂದೆ ಚಾಚಿಕೊಂಡು ಮೆಟ್ಟಿಲ ಕಡೆ ಬಂದ. ಹೆಂಗಸರು ಮೆಟ್ಟಿಲಿಗೆ ಅಡ್ಡಲಾಗಿ ಸಾಲಾಗಿ ನಿಂತರು. ಯಾರೂ ಸರಿಯಲಿಲ್ಲ. ಅಷ್ಟು ದಿನ ಅವರೆಲ್ಲ ಆ ಕೆರೆಯ ಕಡೆ ಕಣ್ಣಿಟ್ಟು ಕೂತಿದ್ದರಲ್ಲ, ನಮ್ಮ ಹೆಂಗಸರ ಮುಖವನ್ನು ಯಾರಾದರೂ ಒಬ್ಬ ನೋಡಿದ್ದು ಅದೇ ಮೊದಲು. ದೊರೆ ನೋಡಿದ, ತಲೆ ತಗ್ಗಿಸಿದ, ಹಿಂದಕ್ಕೆ ಹೋಗಿ ಕೈಯನ್ನು ಹುಲ್ಲಿಗೆ ಒರೆಸಿಕೊಂಡ. ದೀಪ ಹಚ್ಚುವ ಹೊತ್ತಿಗೆ ಡೇರೆ ಕಿತ್ತುಕೊಂಡು ಎಲ್ಲರೂ ಹೊರಟುಹೋದರು.

ಅಜ್ಜಿ ಗೆದ್ದಳೆಂದು ಊರು ನಕ್ಕಿತು. ನಾನು ನಗಲಿಲ್ಲ. ಅವಳು ಒಳಗೆ ಬಂದದ್ದೇ ಕಾಲು ಹಿಡಿದುಕೊಂಡೆ. "ಹೋದ್ರಲ್ಲ ಅಜ್ಜಿ, ಇನ್ನು ಸೂತಕ ತೆಗೆದುಬಿಡು. ಬೆಳಗಿನ ಜಾವಕ್ಕೇ ಪೂಜೆ ಮಾಡ್ಕೊಂಡು ಹೊರಟೋಗ್ತೀನಿ. ಅಲ್ಲಿ ಮಾವ ಕಾಯ್ತಾ ಅವ್ರೆ" ಎಂದೆ. ಅವರನ್ನು ಓಡಿಸಲು ಹೂಡಿದ ಉಪಾಯ ಎಂದುಕೊಂಡಿದ್ದೆ ನಾನು. ಅಜ್ಜಿ ನನ್ನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

"ಅವ್ರಿಗೋಸ್ಕರ ಹೇಳಿದ್ದಾ ನಾನು? ಸತ್ತಿದ್ದು ನಿಜ ತಾನೇ ಮಗಳೇ? ಸತ್ತ ನೀರನ್ನ ಹಸುಗೂಸಿನ ತಾಯಿ ತಲೆ ಮೇಲೆ ಹೆಂಗೆ ಹೊರ್ಸಲಿ?" ಎಂದು ಅವಳೂ ಅತ್ತಳು.

ಅಲ್ಲಿಗೆ ಮುಗಿಯಿತು. ಯಜಮಾನರು ಬರಿ ಗಾಡಿ ಹೊಡೆದುಕೊಂಡು ಹೋದರು. ಧನುರ್ಮಾಸವೆಲ್ಲ ನಾನು ಕೋಣೆಯಲ್ಲಿ ಕೂತೆ. ಸಂಕ್ರಾಂತಿ ಕಳೆದ ಮೇಲೆ ತೂಬಿನ ಕಲ್ಲಿಗೆ ಪೂಜೆ ಮಾಡಿದೆ. ಅಜ್ಜಿ ನನ್ನ ಮಡಿಲಕ್ಕಿಯಿಂದ ಒಂದು ಹಿಡಿ ತೆಗೆದು ನೀರಿಗೆ ಬಿಟ್ಟಳು.

ಶ್ರೀನಿವಾಸಪುರದ ಮನೆಯ ಬಾಗಿಲಲ್ಲಿ ಆರತಿ ಎತ್ತಿಸಿಕೊಂಡು ಒಳಗೆ ಹೋದವಳೇ ಮಗುವನ್ನು ಮಾವನವರ ತೊಡೆಯ ಮೇಲೆ ಮಲಗಿಸಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಮಗುವನ್ನು ಬೆಳಕಿಗೆ ಹಿಡಿದರು. ಅಲ್ಲಿ ಇಲ್ಲಿ ತಿರುಗಿಸಿದರು. ಆಮೇಲೆ ಕೆಳಗಿಳಿಸಿಕೊಂಡು, ಹಣ್ಣಾಗಿದೆಯೋ ಎಂದು ಮಾವಿನಕಾಯಿಯನ್ನು ಮುಟ್ಟಿ ನೋಡುವ ಹಾಗೆ, ಎರಡು ಬೆರಳಿನಲ್ಲಿ ಮೂಗು, ಕೆನ್ನೆ, ಕಿವಿಯ ಹಾಲೆ ಎಲ್ಲ ಮೆಲ್ಲಗೆ ಸವರಿದರು. "ಮೂಗು ನಮ್ಮಮ್ಮಂದು ಕಣಮ್ಮ" ಎಂದರು. "ಹೋದ ತಿಂಗಳು ಬಂದಿದ್ರೆ ಬಣ್ಣಾನೂ ಗೊತ್ತಾಗ್ತಿತ್ತು" ಎಂದರು. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದರು. ಮೊಮ್ಮಗಳು ಈಗ ಲಂಗ ದಾವಣಿ ಹಾಕುವ ವಯಸ್ಸಿಗೆ ಬರುತ್ತಿದ್ದಾಳೆ. ಅವಳು ಊರಿಗೆ ಹೋದಾಗಲೆಲ್ಲ ಅವರು ಬೆರಳಿನಲ್ಲೇ ನೋಡುತ್ತಾರೆ.

ಹೋದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿರುವ ಒಂದು ಜಾಗ. ಹುಲಿ ನೋಡಿದೆವು, ಮೊಸಳೆ ನೋಡಿದೆವು. ಹಕ್ಕಿಗಳ ಸಾಲಿನಲ್ಲಿ ನಮ್ಮ ಯಜಮಾನರು ತಟ್ಟನೆ ನಿಂತರು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೈ ಬಿಳಿ, ರೆಕ್ಕೆಯ ಅಂಚು ಕಪ್ಪು, ಕಣ್ಣಿನ ಸುತ್ತ ಕಾಡಿಗೆ. ಕಣ್ಣು ಮಾತ್ರ ಗಾಜಿನದು. ಊರಿಗೆ ಊರೇ ನೋಡಿದ್ದ ಅತಿಥಿಯನ್ನು ನಾನು ಕಡೆಗೂ ನೋಡಿದೆ.

ಕೆಳಗೆ ಒಂದು ಚೀಟಿ ಅಂಟಿಸಿದ್ದರು. "ಏನ್ ಬರೆದಿದೆ ರೀ?" ಎಂದೆ. ಅವರು ಬಗ್ಗಿ ಓದಿದರು. ಹಕ್ಕಿಗೆ ನಾಲಿಗೆ ಹೊರಳದ ಒಂದು ಹೆಸರು, ಗಂಡು, ಹೊಡೆದ ದೊರೆಯ ಹೆಸರು. "ಸಿಕ್ಕಿದ್ದು ಎಲ್ಲಿ ಅಂತ ಬರೆದಿಲ್ವಾ?" ಎಂದೆ.

"ಮೈಸೂರು ಸೀಮೆಯ ಒಂದು ಕೆರೆ, ಅಂತಿದೆ."

ಒಂದು ಕೆರೆ! ಬೇಳೆ ಬೇಯದ ಸಾರು ಕುಡಿದ ಊರು, ಮೀನು ಬೇಯಿಸಿ ಇಟ್ಟ ಅಜ್ಜಿ, ಬಿಂದಿಗೆ ಕೆಳಗಿಟ್ಟ ಪಿಳ್ಳಪ್ಪ, ಕಿಟಕಿಯ ಕಡೆ ಮುಖ ಮಾಡಿದ ನಮ್ಮ ಮಾವ, ಎಲ್ಲ ಸೇರಿ ಒಂದು ಕೆರೆ. ಒಂದೊಂದು ಗರಿಯನ್ನೂ ಎಣಿಸುವ ದುರ್ಬೀನಿಗೆ ಇದ್ಯಾವುದೂ ಕಂಡಿರಲಿಲ್ಲ.

ಮಗಳು "ಯಾರಮ್ಮ ಇದು? ಯಾಕೆ ಹಂಗೆ ನೋಡ್ತಿದೀಯ?" ಎಂದಳು. ಹಕ್ಕಿಯನ್ನು ಯಾವುದು ಎಂದು ಕೇಳದೆ ಯಾರು ಎಂದು ಕೇಳಿದಳು, ಅಜ್ಜಿಯ ರಕ್ತ. "ನಮ್ಮ ತವರಿಗೆ ಬಂದಿದ್ದ ನೆಂಟರು" ಎಂದೆ. ಬರಿಗೈಯಲ್ಲಿ ಬಂದಿದ್ದೆ, ಏನು ಮಾಡುವುದು. "ಎಷ್ಟು ಕಪ್ಪಗಿದೀಯಪ್ಪ" ಎಂದು ಆ ಬೆಳ್ಳನೆಯ ಹಕ್ಕಿಗೆ ಹೇಳಿದೆ. ಎರಡೂ ಕೈಯನ್ನು ಗಾಜಿನ ಹತ್ತಿರ ಚಾಚಿದೆ. ಕಾವಲಿನವನು "ಮುಟ್ಬೇಡಿ ಅಮ್ಮ, ನೋಡಿ ಅಷ್ಟೆ" ಎಂದು ದೂರದಿಂದ ಕೂಗಿದ. "ನೋಡ್ತಾನೇ ಇದೀನಪ್ಪ" ಎಂದು ಹೇಳಿ ಕೈಗಳನ್ನು ಕಪಾಲಕ್ಕೆ ಒತ್ತಿಕೊಂಡೆ. ಹತ್ತು ಬೆರಳೂ, ಒಂದನ್ನೂ ಬಿಡದೆ, ಆ ದೊಡ್ಡ ಹಜಾರವೆಲ್ಲ ಕೇಳುವ ಹಾಗೆ ಮುರಿದವು.